ಬೆಕ್ಕಿನ ಕಿಂಡಿ

ಬಹಳ ದಿನ ಆಗಿತ್ತು ಇಲ್ಲಿ ಏನೂ ಬರೆಯದೆ. ಎಲ್ಲಿ ಮಾಯವಾದಿರಿ ಅಂತ ಕೇಳಿದವರಿಗೆಲ್ಲ ಒಂದೇ ಉತ್ತರ: ಊರಲ್ಲಿ ಮನೆ ರಿಪೇರಿ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದರು ಹಿರಿಯರು. ಬೆಕ್ಕಿರುವ ಮನೆಯನ್ನು ರಿಪೇರಿ ಮಾಡಿಸಿ ನೋಡು ಅಂತ ಯಾಕೆ ಸೇರಿಸಲಿಲ್ಲವೋ! ಬಹುಶಃ ಅವರ ಕಾಲದಲ್ಲಿ ಆ ಪ್ರಶ್ನೆಯೇ ಏಳುತ್ತಿರಲಿಲ್ಲ. ಬೆಕ್ಕಿಗೆ ಮನೆಯಲ್ಲಿ ಜಾಗ ಯಾವುದು ಅಂತ ಬಡಗಿಗೂ ಗೊತ್ತಿತ್ತು, ಮನೆಯವರಿಗೂ ಗೊತ್ತಿತ್ತು, ಬೆಕ್ಕಿಗೂ ಗೊತ್ತಿತ್ತು. ಗೊತ್ತಿಲ್ಲದೇ ಹೋದದ್ದು ನನಗೆ. ಅದರ ಕಥೆ ಇದು. ಸ್ವಲ್ಪ ಉದ್ದ ಇದೆ, ಕಾಫಿ ತಗೊಂಡು ಕೂತ್ಕೊಳ್ಳಿ.

ನಮ್ಮೂರು ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ಮಣ್ಣಿನ ಗೋಡೆಯ ಮನೆ. ಮುಂದೆ ಜಗುಲಿ, ಆಮೇಲೆ ನಡುಮನೆ, ಅದರ ಎಡಕ್ಕೆ ಅಡುಗೆಮನೆ, ಬಲಕ್ಕೆ ರಾಗಿ ಜೋಳ ತುಂಬಿಡುವ ಕತ್ತಲೆ ಕೋಣೆ, ಕೋಣೆಯ ಮೇಲೆ ಅಟ್ಟ. ಹಿತ್ತಿಲಲ್ಲಿ ಒಂದು ಶೀಟಿನ ಕಟ್ಟಡ ಇದೆ, ಅದನ್ನು ಇವತ್ತಿಗೂ ನಾವು "ಹುಳದ ಮನೆ" ಅಂತಲೇ ಕರೆಯೋದು. ಅದರ ವಿಷಯ ಮುಂದೆ ಬರುತ್ತೆ.

ಕತ್ತಲೆ ಕೋಣೆಯ ಬಾಗಿಲು ಒಂದೇ ಹಲಗೆಯದು, ದಪ್ಪನೆಯದು. ಅದರ ಕೆಳಗಿನ ಮೂಲೆಯಲ್ಲಿ ಒಂದು ಗೇಣಷ್ಟು ಅಗಲಕ್ಕೆ ಅರ್ಧಚಂದ್ರದ ಹಾಗೆ ಕತ್ತರಿಸಿದ್ದಾರೆ. ಚಿಕ್ಕವನಾಗಿದ್ದಾಗ ಇಲಿ ಕಡಿದಿದೆ ಅಂದ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ಅದು ಬಾಗಿಲು ಮಾಡುವಾಗಲೇ ಬಡಗಿ ಕೊರೆದದ್ದು, ಬೆಕ್ಕಿಗೆ ಅಂತ. ಕೋಣೆಗೆ ಬೀಗ ಹಾಕಿದ್ದರೂ ಬೆಕ್ಕು ಹೋಗಿ ಬರಬೇಕು. ಆ ಅರ್ಧಚಂದ್ರದ ಅಂಚು ಎಷ್ಟು ನುಣುಪಾಗಿದೆ ಅಂದ್ರೆ ಎಣ್ಣೆ ಹಚ್ಚಿ ಉಜ್ಜಿದ ಹಾಗೆ. ತಲೆತಲಾಂತರದ ಬೆಕ್ಕುಗಳ ಬೆನ್ನು ತಾಗಿ ತಾಗಿ ಆದ ಪಾಲಿಶ್ ಅದು.

ಇಂಥ ಕಿಂಡಿ ನಮ್ಮಲ್ಲಿ ಮಾತ್ರ ಇರೋದಲ್ಲ. ಇಂಗ್ಲೆಂಡಿನ ಎಕ್ಸೆಟರ್ ಎಂಬ ಊರಿನ ದೊಡ್ಡ ಚರ್ಚಿನ ಒಂದು ಬಾಗಿಲಲ್ಲೂ ಬೆಕ್ಕಿನ ತೂತು ಇದೆ. 1598ರಲ್ಲಿ ಅಲ್ಲಿನ ಬಿಷಪ್ ವಿಲಿಯಂ ಕಾಟನ್ ಅದನ್ನು ಕೊರೆಯಲು ಬಡಗಿಗಳಿಗೆ 8 ಪೆನ್ಸ್ ಕೊಟ್ಟ ಲೆಕ್ಕ ಪುಸ್ತಕದಲ್ಲಿದೆಯಂತೆ. ಅದಕ್ಕೂ ಮುಂಚೆ, ಹದಿನಾಲ್ಕು ಹದಿನೈದನೆಯ ಶತಮಾನಗಳಲ್ಲಿ, ಅಲ್ಲಿನ ಬೆಕ್ಕಿನ ಖರ್ಚಿಗೆ ವಾರಕ್ಕೆ ಒಂದು ಪೆನ್ನಿಯನ್ನು ಚರ್ಚಿನ ಲೆಕ್ಕದಲ್ಲೇ ಬರೀತಿದ್ದರು. ಅಂದ್ರೆ ಬೆಕ್ಕು ಸಂಬಳದ ನೌಕರ! ನಮ್ಮಲ್ಲಿ ಲೆಕ್ಕ ಬರೆದಿಡಲಿಲ್ಲ. ಆದರೆ ಕಿಂಡಿ ಕೊರೆದರು.

ಈಗ ಮನೆಯಲ್ಲಿರುವ ಬೆಕ್ಕಿನ ಹೆಸರು ಕುಳ್ಳಿ. ಬಿಳಿ, ಕಪ್ಪು, ಕೇಸರಿ ಮೂರೂ ಬಣ್ಣ ಇದೆ, ಹಾಗಾಗಿ ಹೆಣ್ಣೇ (ಮೂರು ಬಣ್ಣದ ಗಂಡು ಬೆಕ್ಕು ಸಿಗೋದು ತೀರಾ ಅಪರೂಪ). ಕುಳ್ಳಿಯ ವಂಶ ಮೂಲತಃ ಯಳಂದೂರಿನದು. ನಮ್ಮಪ್ಪನ ಸೋದರತ್ತೆಯನ್ನು ಅಲ್ಲಿಗೆ ಕೊಟ್ಟಿತ್ತು. 1950ರ ಆಸುಪಾಸಿನಲ್ಲಿ ಅವರು ತವರಿಗೆ ಬಂದಾಗ ಬುಟ್ಟಿಯಲ್ಲಿ ಒಂದು ಮರಿ ತಂದಿದ್ದರಂತೆ. ಈ ಮಾತಿನಲ್ಲಿ ಒಂದು ತಮಾಷೆ ಇದೆ. ಆಗ ಯಳಂದೂರು ಇದ್ದದ್ದು ಮೈಸೂರು ರಾಜ್ಯದಲ್ಲಿ. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಕೊಟ್ಟ ಊರು ಅದು, ಅವರ ವಂಶದವರ ಜಹಗೀರ್ದಾರ್ ಬಂಗಲೆ ಅಲ್ಲಿ ಈಗಲೂ ಇದೆ. ಕೊಳ್ಳೇಗಾಲವೋ, ಮದ್ರಾಸಿನ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಮಾತು ಕನ್ನಡ, ಕಚೇರಿ ಮಾತ್ರ ಕೊಯಮತ್ತೂರು. ನಡುವೆ ಇರೋದು ಹದಿನೈದು ಹದಿನಾರು ಕಿಲೋಮೀಟರ್ ದಾರಿ, ಆದರೆ ರಾಜ್ಯ ಬೇರೆ. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರಿಗೆ ಸೇರಿತು. 1997ರಲ್ಲಿ ಚಾಮರಾಜನಗರ ಜಿಲ್ಲೆ ಆಯಿತು, ಹನೂರು ಕೊಳ್ಳೇಗಾಲದಿಂದ ಬೇರೆಯಾಗಿ ತಾಲ್ಲೂಕಾದದ್ದು ತೀರಾ ಈಚೆಗೆ. ಮನುಷ್ಯರ ಈ ಗಡಿಗಳೆಲ್ಲ ಅಳಿಸಿ ಬರೆಯುವುದಕ್ಕೆ ಮುಂಚೆಯೇ ಕುಳ್ಳಿಯ ಮುತ್ತಜ್ಜಿಯ ಮುತ್ತಜ್ಜಿ ಬುಟ್ಟಿಯಲ್ಲಿ ಕೂತು ರಾಜ್ಯ ದಾಟಿ ಬಂದಿದ್ದಳು.

ಯುಗಾದಿ ಕಳೆದ ಮೇಲೆ ಕೆಲಸ ಶುರುವಾಯಿತು. ಹಿಂದಿನ ಅರ್ಧ ಮನೆಯ ಹೆಂಚು ಇಳಿಸಿ ಮೋಲ್ಡ್ ಹಾಕೋದು, ನಡುಮನೆಗೆ ಟೈಲ್ಸ್, ಕೋಣೆ ಮತ್ತು ಅಟ್ಟವನ್ನು ಹಾಗೇ ಉಳಿಸಿ ಗಟ್ಟಿ ಮಾಡೋದು ಅಂತ ಲೆಕ್ಕ. ಮೊದಲ ದಿನ ಗೋಡೆ ಒಡೆಯುವ ಮಿಷನ್ನು "ಡರ್ರ್" ಅಂದ ತಕ್ಷಣ ಕುಳ್ಳಿ ಮಾಯ. ರಾತ್ರಿ ಎಂಟು ಗಂಟೆಗೆ ಮೈಯೆಲ್ಲ ಧೂಳು ಮಾಡಿಕೊಂಡು ಬಂದಳು. ಅಮ್ಮ ಅಂದರು, "ಅದ್ಕೇನ್ ಮೊಗ ಆಯ್ತದೆ, ಬೆಕ್ಕಲ್ವಾ, ಎಲ್ಲೋ ಒಂದ್ಕಡೆ ಬಿದ್ದಿರ್ತದೆ." ಮೇಸ್ತ್ರಿ ಇನ್ನೂ ಸುಲಭದ ದಾರಿ ಹೇಳಿದ. "ಗೋಣಿಚೀಲಕ್ಕೆ ಹಾಕ್ಬುಟ್ಟು ಹೊಳೆ ದಾಟಿಸ್ಬುಡಿ ಸಾರ್, ವಾಪಸ್ ಬರಾಕಿಲ್ಲ."

ವಾಪಸ್ ಬರದೇ ಇರೋದು ನಮಗೆ ಬೇಕಾಗಿರಲಿಲ್ಲ. ಹಾಗಂತ ಹನೂರಿನಲ್ಲಿರುವ ಅಕ್ಕನ ಮನೆಗೆ ಒಂದು ತಿಂಗಳ ಮಟ್ಟಿಗೆ ಬಿಡೋಣ ಅಂತ ಬುಟ್ಟಿಯಲ್ಲಿ ಕೂರಿಸಿ ಕರ್ಕೊಂಡು ಹೋದೆ. ದಾರಿಯುದ್ದಕ್ಕೂ ಕೂಗಿದಳು. (1800ರಲ್ಲಿ ಫ್ರಾನ್ಸಿಸ್ ಬುಕನನ್ ಎಂಬ ಕಂಪನಿಯ ಡಾಕ್ಟರು ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ ದಾಟಿ ಕಾವೇರಿಪುರದ ಘಾಟಿ ಇಳಿದದ್ದು ಹೆಚ್ಚುಕಡಿಮೆ ಇದೇ ದಾರಿಯಲ್ಲಿ. ಟಿಪ್ಪು ಸತ್ತ ಮರುವರ್ಷ, ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನೇನು ಬೆಳೆಯುತ್ತೆ, ಜನ ಹೇಗಿದ್ದಾರೆ ಅಂತ ಬರೆದುಕೊಳ್ಳುತ್ತಾ ಹೋದ ಮನುಷ್ಯ. ಈ ಹೆಸರು ನೆನಪಿಟ್ಟುಕೊಳ್ಳಿ, ಇನ್ನೊಬ್ಬ ಬುಕನನ್ ಬರ್ತಾನೆ.) ಅಕ್ಕನ ಮನೆಯಲ್ಲಿ ಕುಳ್ಳಿ ಮಂಚದ ಕೆಳಗೆ ಹೋದವಳು ಎರಡು ದಿನ ಹಾಲೂ ಮುಟ್ಟಲಿಲ್ಲ. ಅಕ್ಕ ಫೋನ್ ಮಾಡಿ "ಸತ್ತುಗಿತ್ತು ಹೋದ್ರೆ ಪಾಪ ನಮ್ಗೆ ಕಣೋ, ಬಂದು ಕರ್ಕೊಂಡು ಹೋಗು" ಅಂದಳು. ಬೆಕ್ಕು ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕು ಅಂತ ನಮ್ಮ ಕಡೆ ಈಗಲೂ ಹೆದರುತ್ತಾರೆ. ಚಿನ್ನದ ರೇಟು ನೋಡಿದ್ದೀರಲ್ಲ. ಮೂರನೇ ದಿನ ವಾಪಸ್ ಕರೆತಂದೆ :)

ನಾಯಿ ಮನುಷ್ಯನದು, ಬೆಕ್ಕು ಮನೆಯದು ಅಂತಾರೆ. ಆದರೆ ಈ ಎರಡು ದಿನದಲ್ಲಿ ನನಗೆ ತಲೆಯಲ್ಲಿ ಕೊರೆಯೋಕೆ ಶುರುವಾದದ್ದು ಬೇರೆ: ಈ ಮನೆಯನ್ನು ಒಡೆದು ಕಟ್ಟುತ್ತಿರೋದು ಇದೇ ಮೊದಲಲ್ಲ. ಹಿಂದೆ ಒಡೆದಾಗೆಲ್ಲ ಬೆಕ್ಕುಗಳು ಏನು ಮಾಡಿದವು?

ಹಳೇ ಮನೆಗೆ ವರ್ಷಾ ವರ್ಷಾ ರಿಪೇರಿ ಇದ್ದದ್ದೇ. ಮಳೆಗೆ ಮುಂಚೆ ಹೆಂಚು ಕೈಯಾಡಿಸಬೇಕು. ನಾಡಹೆಂಚು ಅಂದರೆ ಕುಂಬಾರ ಕೈಯಲ್ಲಿ ಮಾಡುವ ಅರೆಕೊಳವೆ. ಒಂದು ಸಾಲು ಮಕಾಡೆ, ಒಂದು ಸಾಲು ಅಂಗಾತ. ಆ ಎರಡು ಸಾಲುಗಳ ಮಧ್ಯೆ ಇರುವ ಸಂದಿಗಿಂತ ಒಳ್ಳೆಯ ಮನೆ ಇಲಿಗೆ ಇನ್ನೊಂದಿಲ್ಲ. ಕೆಳಗೆ ಧಾನ್ಯ, ಮೇಲೆ ಬೆಚ್ಚನೆ ಸೂರು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಒಂದಕ್ಕೊಂದು ಕಚ್ಚಿ ಕೂರುವ ಚಪ್ಪಟೆ ಹೆಂಚು ಬಂತು. ಅದು ನಮ್ಮಂಥ ಮೂಲೆಯ ಹಳ್ಳಿಗೆ ತಲುಪೋಕೆ ಬಹಳ ಕಾಲ ಹಿಡಿಯಿತು. ಅಲ್ಲಿಯವರೆಗೆ ಸೂರು ಇಲಿಯದು, ಅಟ್ಟ ಬೆಕ್ಕಿನದು, ನೆಲ ಮನುಷ್ಯನದು ಅನ್ನೋ ಮೂರಂತಸ್ತಿನ ಒಪ್ಪಂದ.

ಈ ಒಪ್ಪಂದ ಮುರಿದು ಬಿದ್ದದ್ದು ಪ್ಲೇಗಿನಲ್ಲಿ. 1896ರಲ್ಲಿ ಮುಂಬೈಗೆ ಬಂದ ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರು ತಲುಪಿತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದ ಕಥೆ ಎಲ್ಲರಿಗೂ ಗೊತ್ತು. ಆದರೆ ಹಳ್ಳಿಗಳಲ್ಲಿ ಪ್ಲೇಗು ಅಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರೋದು, ಊರಿನಲ್ಲಿ ಮನೆಗಳ ಹೆಂಚು ತೆಗೆದು ಬಿಸಿಲು ಬೀಳುವ ಹಾಗೆ ಮಾಡೋದು, ಗೋಡೆಗೆ ಸುಣ್ಣ ಬಳಿಯೋದು. ಒಂದು ರೀತಿಯಲ್ಲಿ ಇಡೀ ಊರಿಗೇ ಒಟ್ಟಿಗೆ ಮನೆ ರಿಪೇರಿ. ನಮ್ಮ ಮುತ್ತಜ್ಜಿ ಹೇಳುತ್ತಿದ್ದುದನ್ನು ಅಜ್ಜಿ ಹೇಳುತ್ತಿದ್ದರು. ಗುಡಿಸಲಿಗೆ ಹೋದಾಗ ಎತ್ತು, ಕುರಿ, ಕೋಳಿ ಎಲ್ಲ ಹೊಡಕೊಂಡು ಹೋದರು, ಬೆಕ್ಕು ಮಾತ್ರ ಬರಲಿಲ್ಲ. ಹೆಂಚಿಲ್ಲದ ಮನೆಯ ತೊಲೆ ಮೇಲೆ ಕೂತಿತ್ತು. ಮುತ್ತಜ್ಜ ದಿನಾ ಊರಾಚೆ ನಿಂತು ಅದು ಇದೆಯಾ ಅಂತ ನೋಡಿ ಬರೋರಂತೆ. ಬೆಕ್ಕು ಕಂಡರೆ ಮನೆಗೆ ಇಲಿ ಬಂದಿಲ್ಲ ಅಂತ ಅವರ ನಂಬಿಕೆ.

ನಂಬಿಕೆ ಅಂತ ನಾನು ನಕ್ಕು ಬಿಟ್ಟಿದ್ದೆ. ಆಮೇಲೆ ಇನ್ನೊಬ್ಬ ಬುಕನನ್ ಸಿಕ್ಕಿದ. ಆಂಡ್ರ್ಯೂ ಬುಕನನ್ ಅಂತ, ಸೇನಾ ವೈದ್ಯ ಹುದ್ದೆಯವನು, ಅಮರಾವತಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದವನು. ಹಳ್ಳಿ ಹಳ್ಳಿಯಲ್ಲಿ ಮನೆಗಳೆಷ್ಟು, ಬೆಕ್ಕುಗಳೆಷ್ಟು ಅಂತ ಎಣಿಸಿ, ಬೆಕ್ಕು ಹೆಚ್ಚಿರುವ ಕಡೆ ಪ್ಲೇಗು ಕಡಿಮೆ ಅಂತ 1908ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ. ಪ್ಲೇಗು ಇಲಿಯ ಚಿಗಟದಿಂದ ಬರುತ್ತೆ ಅಂತ 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮೋಂಡ್ ತೋರಿಸಿದ್ದ, ಮುಂಬೈಯ ಪ್ಲೇಗ್ ಕಮಿಷನ್ ಅದನ್ನು ಖಚಿತ ಮಾಡಿತ್ತು. ಆ ಹಿನ್ನೆಲೆಯಲ್ಲಿ ಬೆಕ್ಕು ಸಾಕಿ ಅನ್ನೋ ಸಲಹೆಗೆ ತೂಕ ಬಂತು. ಪೂರ್ತಿ ಸರಿಯಾದ ಸಲಹೆ ಏನಲ್ಲ. ಬೆಕ್ಕಿಗೂ ಪ್ಲೇಗು ಬರುತ್ತೆ, ಅದರಿಂದ ಮನುಷ್ಯರಿಗೂ ಹರಡಬಹುದು ಅಂತ ಈಗ ಚೆನ್ನಾಗಿ ಗೊತ್ತು. ಆದರೂ ಊರಾಚೆ ನಿಂತು ತೊಲೆ ಮೇಲಿನ ಬೆಕ್ಕನ್ನು ನೋಡುತ್ತಿದ್ದ ಮುತ್ತಜ್ಜನೂ, ಅಮರಾವತಿಯಲ್ಲಿ ಬೆಕ್ಕು ಎಣಿಸುತ್ತಿದ್ದ ಆ ಸಾಹೇಬನೂ ಒಂದೇ ಲೆಕ್ಕ ಹಾಕುತ್ತಿದ್ದರು ಅನ್ನೋದು ನನಗೆ ತುಂಬಾ ಖುಷಿ ಕೊಟ್ಟ ವಿಷಯ.

ಈಗ ರೇಷ್ಮೆಗೆ ಬರ್ತೀನಿ. ಕೊಳ್ಳೇಗಾಲ ಅಂದಮೇಲೆ ರೇಷ್ಮೆ ಇಲ್ಲದೆ ಮಾತು ಮುಗಿಯಲ್ಲ. ಮೈಸೂರು ಸೀಮೆಗೆ ರೇಷ್ಮೆ ಹುಳು ತರಿಸಿದ್ದು ಟಿಪ್ಪು, 1780ರ ದಶಕದಲ್ಲಿ, ಬಂಗಾಳದಿಂದ. ಮುಂದೆ ಮದ್ರಾಸ್ ಪ್ರಾಂತ್ಯದಲ್ಲಿ ರೇಷ್ಮೆ ಸಾಕಣೆ ಹೆಸರಿಗೆ ತಕ್ಕ ಹಾಗೆ ಇದ್ದದ್ದು ಕೊಳ್ಳೇಗಾಲ ತಾಲ್ಲೂಕಿನಲ್ಲಿ. 1956ರಲ್ಲಿ ತಾಲ್ಲೂಕು ಈ ಕಡೆ ಬಂದಾಗ ಮದ್ರಾಸಿನವರ ಹಿಪ್ಪುನೇರಳೆ ತೋಟಗಳಲ್ಲಿ ಬಹುಪಾಲು ಅದರ ಜೊತೆ ಬಂದುಬಿಟ್ಟವು.

ಆ ಕಾಲದಲ್ಲಿ ಹುಳು ಸಾಕಲು ಬೇರೆ ಕಟ್ಟಡ ಇರಲಿಲ್ಲ. ನಡುಮನೆಯೇ ಹುಳದ ಮನೆ. ಬಿದಿರಿನ ತಟ್ಟೆಗಳನ್ನು ಸ್ಟ್ಯಾಂಡಿನಲ್ಲಿ ಒಂದರ ಮೇಲೊಂದು ಜೋಡಿಸಿ, ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಟ್ಟು, ಅದರ ಪಕ್ಕದಲ್ಲೇ ನಾವು ಚಾಪೆ ಹಾಸಿ ಮಲಗೋದು. ನಾಲ್ಕನೇ ಜ್ವರ ಎದ್ದ ಮೇಲೆ ಹುಳುಗಳು ಸೊಪ್ಪು ತಿನ್ನುವ ಸದ್ದು ಇದೆಯಲ್ಲ, ರಾತ್ರಿ ಎಚ್ಚರವಾದರೆ ಹೊರಗೆ ಸೋನೆ ಮಳೆ ಬರ್ತಾ ಇದೆ ಅನ್ನಿಸೋದು. (ಹುಳು ಪೊರೆ ಬಿಡೋದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂರೋದು ಅಂತಾರೆ.) ಆಮೇಲೆ ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡೋದು. ಇಲಿ ಕಾದು ಕೂತಿರೋದು ಇದೇ ಹೊತ್ತಿಗೆ. ಹಣ್ಣಾದ ಹುಳು ಇಲಿಗೆ ಹೋಳಿಗೆ ಇದ್ದ ಹಾಗೆ. ತಿಂಗಳಿಡೀ ಸೊಪ್ಪು ಕೊಯ್ದು ಹಾಕಿದ ದುಡಿಮೆ ಒಂದು ರಾತ್ರಿಯಲ್ಲಿ ಬಿಲ ಸೇರಬಹುದು. ಹಾಗಾಗಿ ನಮ್ಮಜ್ಜಿಯ ಕಾನೂನು ಒಂದೇ: ಬೆಕ್ಕು ತಟ್ಟೆ ಮೇಲೆ ಮಲಗಬಾರದು, ತಟ್ಟೆ ಕೆಳಗೆ ಮಲಗಬೇಕು. ಬೆಕ್ಕಿಗೆ ಇದು ಅರ್ಥವಾಗಿತ್ತು ಅಂದರೆ ನೀವು ನಂಬಲಿಕ್ಕಿಲ್ಲ. ಎರಡು ಸಲ ಪೊರಕೆ ಏಟು ತಿಂದಮೇಲೆ ಅರ್ಥವಾಗಿತ್ತು.

ರೇಷ್ಮೆಯ ತವರು ಚೀನಾದಲ್ಲೂ ಹೀಗೇ. ಅಲ್ಲಿ ಹುಳು ಸಾಕುವವರು ಬೆಕ್ಕು ಸಾಕುತ್ತಿದ್ದದ್ದಲ್ಲದೆ, ಮಣ್ಣಿನ ಬೆಕ್ಕು, ಕಾಗದದ ಬೆಕ್ಕಿನ ಚಿತ್ರ ಇಟ್ಟು ಇಲಿಯನ್ನು ಹೆದರಿಸುತ್ತಿದ್ದರು. ಜಪಾನಿನಲ್ಲಂತೂ ನಿತ್ತಾ ಎಂಬ ಕಡೆಯ ಇವಾಮಾತ್ಸು ಮನೆತನದ ಪಾಳೆಯಗಾರರು ನಾಲ್ಕು ತಲೆಮಾರು ಬೆಕ್ಕಿನ ಚಿತ್ರ ಬರೆದು ರೇಷ್ಮೆ ಸಾಕುವವರಿಗೆ ಕೊಟ್ಟರು. ತಾಶಿರೋಜಿಮಾ ಎಂಬ ದ್ವೀಪದಲ್ಲಿ ರೇಷ್ಮೆ ಹುಳು ಕಾಯಲೆಂದು ಸಾಕಿದ ಬೆಕ್ಕುಗಳ ಸಂತತಿ ಇವತ್ತು ಜನರಿಗಿಂತ ಹೆಚ್ಚಿದೆ, ಬೆಕ್ಕಿಗೊಂದು ಗುಡಿಯೂ ಇದೆ. ಗುಡಿ ಅಂದ ತಕ್ಷಣ ಜಪಾನಿಗೇ ಹೋಗಬೇಕಾಗಿಲ್ಲ ಬಿಡಿ. ನಮ್ಮ ಪಕ್ಕದ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಬೆಕ್ಕಳಲೆಯಲ್ಲಿ ಬೆಕ್ಕನ್ನು ಮಂಗಮ್ಮ ದೇವಿಯ ರೂಪ ಅಂತ ಪೂಜೆ ಮಾಡ್ತಾರೆ. ಆ ಊರಲ್ಲಿ ಯಾರೂ ಬೆಕ್ಕಿಗೆ ಕಲ್ಲು ಎಸೆಯಲ್ಲ, ಸತ್ತ ಬೆಕ್ಕು ಕಂಡರೆ ಮಣ್ಣು ಮಾಡ್ತಾರೆ.

* * *

ನಡುಮನೆಯ ಗೋಡೆ ಕೆರೆಯುವಾಗ ಸುಣ್ಣದ ಪದರಗಳ ಕೆಳಗೆ ಒಂದು ಅಚ್ಚು ಕಂಡಿತು. ಕಪ್ಪು ಬಣ್ಣದಲ್ಲಿ ಹಾಕಿದ ಚೌಕ, ಒಳಗೆ ಇಂಗ್ಲಿಷಿನಲ್ಲಿ ಎನ್.ಎಂ.ಇ.ಪಿ. ಅಂತ, ಕೆಳಗೆ ಅಳಿಸಿದ ತಾರೀಖುಗಳು. ಮಲೇರಿಯಾ ನಿರ್ಮೂಲನ ಕಾರ್ಯಕ್ರಮದ ಗುರುತು. 1953ರಲ್ಲಿ ದೇಶದಲ್ಲಿ ಮಲೇರಿಯಾ ನಿಯಂತ್ರಣ ಅಂತ ಶುರುವಾಗಿ 1958ರಲ್ಲಿ ನಿರ್ಮೂಲನ ಅಂತ ಹೆಸರು ಬದಲಾದದ್ದು. ಕಾರ್ಯಕರ್ತರು ಮನೆ ಮನೆಗೆ ಬಂದು ಜ್ವರ ಇದೆಯಾ ಅಂತ ಕೇಳಿ ಗೋಡೆ ಮೇಲೆ ತಾರೀಖು ಬರೆದು ಹೋಗೋರು. ಇನ್ನೊಂದು ತಂಡ ಗೋಡೆಗೆಲ್ಲ ಡಿಡಿಟಿ ಹೊಡೆಯೋದು. ಲಕ್ಷಾಂತರ ಜನ ಅದರಿಂದ ಬದುಕಿಕೊಂಡರು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಡಿಡಿಟಿ ಬೆಕ್ಕಿಗೆ ಆಗಿಬರುತ್ತಿರಲಿಲ್ಲ. ಬೆಕ್ಕು ಗೋಡೆಗೆ ಮೈ ಉಜ್ಜುತ್ತೆ, ಆಮೇಲೆ ಮೈಯೆಲ್ಲ ನೆಕ್ಕುತ್ತೆ. ಬೋರ್ನಿಯೋ ದ್ವೀಪದ ಸಾರವಾಕ್‌ನಲ್ಲಿ ಇಂಥ ಔಷಧಿ ಹೊಡೆದ ಮೇಲೆ ಬೆಕ್ಕುಗಳು ಸತ್ತು, ಇಲಿಗಳ ಕಾಟ ಹೆಚ್ಚಿ, 1960ರಲ್ಲಿ ಬ್ರಿಟಿಷ್ ವಾಯುಪಡೆಯವರು ವಿಮಾನದಿಂದ ಪ್ಯಾರಾಶೂಟ್ ಕಟ್ಟಿ ಬೆಕ್ಕುಗಳನ್ನು ಇಳಿಸಿದರು. ಅಂತರ್ಜಾಲದಲ್ಲಿ ಹದಿನಾಲ್ಕು ಸಾವಿರ ಬೆಕ್ಕು ಅಂತೆಲ್ಲ ಓದಿರುತ್ತೀರಿ, ನಂಬಬೇಡಿ. ಇಳಿಸಿದ್ದು ಇಪ್ಪತ್ತು ಚಿಲ್ಲರೆ.

ನಮ್ಮ ಮನೆಯಲ್ಲಿ ಏನಾಯ್ತು ಅಂತ ಅಪ್ಪ ನೆನಪಿಸಿಕೊಂಡರು. ಜಗುಲಿಗೆ, ಕೊಟ್ಟಿಗೆಗೆ ಹೊಡೆಸಿದರು. ನಡುಮನೆ ಬಾಗಿಲಿಗೆ ಅಜ್ಜಿ ಅಡ್ಡ ನಿಂತರು. "ಹುಳದ ಮನೆಗೆ ಬ್ಯಾಡ ಕನಪ್ಪ, ನನ್ ಹುಳ ಒಂದೂ ಉಳಿಯಾಕಿಲ್ಲ." ರೇಷ್ಮೆ ಹುಳುವೂ ಕೀಟವೇ ತಾನೆ, ಸೊಳ್ಳೆಯನ್ನು ಕೊಲ್ಲುವ ಔಷಧಿ ಅದನ್ನೂ ಬಿಡಲ್ಲ. ರೇಷ್ಮೆ ಸೀಮೆಯ ಹೆಂಗಸರು ಎಷ್ಟೋ ಕಡೆ ಹೀಗೇ ಅಡ್ಡ ನಿಂತಿದ್ದಾರೆ. ಬಂದವರು ಗೊಣಗಿಕೊಂಡು ಹೋದರು. ಆ ನಡುಮನೆಯಲ್ಲಿ, ತಟ್ಟೆಯ ಕೆಳಗೆ, ಯಳಂದೂರಿನ ಬೆಕ್ಕು ಮಲಗಿತ್ತು.

ಇದನ್ನು ಕೇಳಿದಾಗ ಒಂದು ನಿಮಿಷ ಸುಮ್ಮನೆ ಕೂತೆ. ಇಷ್ಟು ದಿನ ನಾನು ಅಂದುಕೊಂಡಿದ್ದು ಬೆಕ್ಕು ಹುಳುವನ್ನು ಕಾಯುತ್ತಿತ್ತು ಅಂತ. ಹುಳುವೂ ಬೆಕ್ಕನ್ನು ಕಾದಿತ್ತು. ಅಜ್ಜಿ ಅಡ್ಡ ನಿಂತದ್ದು ಬೆಕ್ಕಿಗಾಗಿ ಅಲ್ಲವೇ ಅಲ್ಲ, ಅವರಿಗೆ ಬೆಕ್ಕಿನ ಯೋಚನೆಯೇ ಇರಲಿಲ್ಲ. ಆದರೂ ಕುಳ್ಳಿ ಇವತ್ತು ಇರೋದಕ್ಕೆ ಆ ಅಡ್ಡ ನಿಂತದ್ದೂ ಒಂದು ಕಾರಣ ಇರಬಹುದು.

ಆಮೇಲಿನ ಕಥೆ ಬೇಗ ಮುಗಿಯುತ್ತೆ. 1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಬಂತು, ಇದೂ ಬಂಗಾಳದ ಕಡೆಯಿಂದಲೇ. ಹುಳುವಿನ ಮೈಮೇಲೆ ಮೊಟ್ಟೆ ಇಡುವ ನೊಣ. ಕಿಟಕಿ ಬಾಗಿಲಿಗೆಲ್ಲ ನೈಲಾನ್ ಪರದೆ ಕಟ್ಟಬೇಕಾಯಿತು. ಹುಳುವಿಗೆ ಬೇರೆ ಮನೆ ಕಟ್ಟಿಕೊಳ್ಳಿ, ಫಾರ್ಮಲಿನ್ ಹಾಕಿ ತೊಳೆಯಿರಿ ಅಂತ ಇಲಾಖೆಯವರು ಹೇಳಿದರು, ಸಹಾಯಧನವೂ ಬಂತು. 1991ರಿಂದ ಜಪಾನಿನವರ ನೆರವಿನಲ್ಲಿ ದ್ವಿತಳಿ ರೇಷ್ಮೆಯ ಯೋ್ಜನೆ ಬಂದ ಮೇಲಂತೂ ಬೇರೆ ಮನೆ ಇಲ್ಲದೆ ಹುಳು ಸಾಕೋದೇ ಕಷ್ಟ ಅನ್ನೋ ಹಾಗಾಯ್ತು. ನಮ್ಮ ಹಿತ್ತಿಲಿನ ಶೀಟಿನ ಮನೆ ಆಗ ಎದ್ದದ್ದು. ಒಳ್ಳೆಯದೇ ಆಯಿತು, ಮನುಷ್ಯರು ಹುಳದ ವಾಸನೆಯಲ್ಲಿ ಮಲಗೋದು ತಪ್ಪಿತು. ಆದರೆ ಪರದೆ ಕಟ್ಟಿದ ಮನೆಗೆ ಬೆಕ್ಕಿನ ಕಿಂಡಿ ಯಾರೂ ಇಡಲಿಲ್ಲ. ಇನ್ನೂರು ವರ್ಷದ ಕೆಲಸ ಒಂದು ನೈಲಾನ್ ಪರದೆಗೆ ಹೋಯಿತು. 2000ದ ಆಸುಪಾಸಿನಲ್ಲಿ ಚೀನಾ ರೇಷ್ಮೆ ಅಗ್ಗವಾಗಿ ಬಂದು ಗೂಡಿನ ರೇಟು ಬಿದ್ದಾಗ ಅಪ್ಪ ಹಿಪ್ಪುನೇರಳೆ ಕಿತ್ತು ಕಬ್ಬು ಹಾಕಿದರು. ಹುಳದ ಮನೆಗೆ ಬೀಗ ಬಿತ್ತು. ಬೆಕ್ಕು ಅವತ್ತಿನಿಂದ "ಸಾಕಿದ ಬೆಕ್ಕು" ಆಯಿತು. ಅದಕ್ಕೆ ಮುಂಚೆ ಅದನ್ನು ಯಾರೂ ಸಾಕಿರಲಿಲ್ಲ, ಅದು ಇತ್ತು ಅಷ್ಟೆ.

ಈಗ ನನ್ನ ತಪ್ಪಿನ ವಿಷಯ. ಬರೆಯೋದಾ ಬೇಡವಾ ಅಂತ ಎರಡು ದಿನ ಯೋಚಿಸಿದೆ.

ಹನೂರಿನಿಂದ ಬಂದ ಮೇಲೆ ಕುಳ್ಳಿ ಹಗಲೆಲ್ಲ ಕಾಣುತ್ತಿರಲಿಲ್ಲ, ರಾತ್ರಿ ಬಂದು ಉಂಡು ಹೋಗೋಳು. ಮೈ ತುಂಬಿಕೊಂಡಿದ್ದಳು. ಕೆಲಸದವರ ಬುತ್ತಿಯಿಂದ ಮೀನಿನ ಚೂರು ಸಿಗ್ತಿದೆ, ಅದಕ್ಕೇ ದಪ್ಪ ಆಗಿದಾಳೆ ಅಂತ ನಾವು ನಗಾಡಿದ್ದೆವು. ಆಮೇಲೆ ಒಂದು ದಿನ ಇಳಿದಿದ್ದಳು, ಅದನ್ನು ಯಾರೂ ಗಮನಿಸಲಿಲ್ಲ. ಅಟ್ಟದ ಮೇಲೆ, ಸೂರಿಗೂ ಗೋಡೆಗೂ ನಡುವೆ, ಹಿತ್ತಿಲ ಕಡೆಗೆ ಒಂದು ಸಂದಿ ಇತ್ತು. ಇಲಿ ಬರುತ್ತೆ ಅಂತ ಅದನ್ನು ಮುಚ್ಚಬೇಕಿತ್ತು. ಕೋಣೆಯ ಹಳೇ ಬಾಗಿಲನ್ನು ಹಿಂದಿನ ವಾರವೇ ಕಿತ್ತು, ಅಲ್ಲಿ ಪ್ಲೈವುಡ್ ಹಲಗೆ ನಿಲ್ಲಿಸಿದ್ದೆವು. ಅಟ್ಟಕ್ಕೆ ಹತ್ತುವ ಕಂಡಿ ಇರೋದು ಆ ಕೋಣೆಯ ಒಳಗಿನಿಂದ. ಮೇಸ್ತ್ರಿ "ನಾಳೆ ಮಾಡ್ತೀನಿ ಸಾರ್, ಒಂದ್ಸಲ ಮೇಲೆ ನೋಡ್ಬುಟ್ಟು" ಅಂದ. ನಾನೇ "ಏನಿದೆ ಅಲ್ಲಿ, ಮುರಿದ ಚಂದ್ರಿಕೆ ಬಿಟ್ರೆ? ಇವತ್ತೇ ಮುಚ್ಚಿಬಿಡಿ" ಅಂದೆ. ಇಟ್ಟಿಗೆ ಇಟ್ಟು ಸಿಮೆಂಟ್ ಮೆತ್ತಿದರು.

ಅವತ್ತು ರಾತ್ರಿ ಕುಳ್ಳಿ ಹಿತ್ತಿಲಲ್ಲಿ ನಿಂತು ಕೂಗಿದಳು. ಕೂಗು ಅಂದರೆ ಊಟಕ್ಕೆ ಕೂಗುವ ಕೂಗಲ್ಲ. ಹಾಲಿಟ್ಟರೆ ಮುಟ್ಟಲಿಲ್ಲ. ಹಸಿ ಗೋಡೆ ಹತ್ತೋಕೆ ಹೋಗಿ ಜಾರಿ ಬೀಳೋದು, ಮತ್ತೆ ಹತ್ತೋದು. ನಾನು ಮಿಷನ್ನಿನ ಸದ್ದಿಗೆ ಹೆದರಿದಾಳೆ ಅಂತ ಮಲಗಿದೆ. ಬೆಳಗಿನ ಜಾವ ಅಮ್ಮ ಎಬ್ಬಿಸಿದರು. ಟಾರ್ಚ್ ಹಿಡಿದು ಕುಳ್ಳಿಯನ್ನು ಮಡಿಲಲ್ಲಿ ಹಾಕ್ಕೊಂಡು ಕೂತಿದ್ದರು. "ನೋಡ್ ಮೊಗ, ಇದ್ರ ಮೊಲೆ ತುಂಬದೆ. ಮರಿ ಹಾಕದೆ ಇದು. ಎಲ್ಲಿ ಮುಚ್ದೆ ನಿನ್ನೆ?"

ಗೋಡೆ ಒಡೆಯೋಕೆ ಮೇಸ್ತ್ರಿಗೆ ಕಾಯಲಿಲ್ಲ. ಹಾರೆಯಲ್ಲಿ ನಾನೇ ಒಡೆದೆ. ಸಿಮೆಂಟು ಇನ್ನೂ ಪೂರ್ತಿ ಬಿಗಿದಿರಲಿಲ್ಲ. ಚಂದ್ರಿಕೆಯ ಬಿದಿರಿನ ಹೆಣಿಗೆಯೊಳಗೆ, ಹಳೇ ಗೋಣಿಯ ಮೇಲೆ, ಕಣ್ಣು ಆಗತಾನೆ ಬಿಟ್ಟಿದ್ದ ಮೂರು ಮರಿ. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತೆ ಅಂತಾರಲ್ಲ, ಇವಳು ಒಡೆದ ಮನೆಯಲ್ಲಿ ಒಡೆಯದೆ ಉಳಿದಿದ್ದ ಒಂದೇ ಜಾಗ ಹುಡುಕಿಕೊಂಡಿದ್ದಳು. ಅವಳ ಅಜ್ಜಿಯರೂ ಅಲ್ಲೇ ಮರಿ ಹಾಕಿದ್ದು ಅಂತ ಅಮ್ಮ ಆಮೇಲೆ ಹೇಳಿದರು. ಮೂರರಲ್ಲಿ ಒಂದು ತುಂಬಾ ಸಣ್ಣದು, ತಣ್ಣಗಾಗಿತ್ತು. ಬೆಚ್ಚಗೆ ಬಟ್ಟೆ ಸುತ್ತಿ ಒಲೆ ಪಕ್ಕ ಇಟ್ಟುಕೊಂಡೆವು. ಮಾರನೇ ದಿನ ಮಧ್ಯಾಹ್ನದವರೆಗೆ ಇತ್ತು.

ಉಳಿದವರನ್ನು, ತಾಯಿ ಸಮೇತ, ಹಿತ್ತಿಲಿನ ಹುಳದ ಮನೆಗೆ ಸಾಗಿಸಿದೆವು. ಬೀಗ ಬಿದ್ದು ವರ್ಷಗಳಾಗಿದ್ದರಿಂದ ಫಾರ್ಮಲಿನ್ ವಾಸನೆಯ ಸುಳಿವೂ ಇರಲಿಲ್ಲ. ಹರಿದ ಪರದೆಗೆ ಹೊಸ ಜಾಲರಿ ಕಟ್ಟಿ, ಅಟ್ಟದ ಅದೇ ಗೋಣಿಯನ್ನು ತೊಳೆಯದೆ ಹಾಸಿದೆ. ತೊಳೆದರೆ ಅವಳ ವಾಸನೆ ಹೋಗುತ್ತೆ, ವಾಸನೆ ಹೋದರೆ ಮತ್ತೆ ಹಳೇ ಜಾಗಕ್ಕೇ ಮರಿ ಕಚ್ಚಿಕೊಂಡು ಓಡ್ತಾಳೆ. ಮರಳು ತುಂಬಿದ ಬಾಂಡ್ಲಿ ಒಂದು ಮೂಲೆಗೆ, ಊಟ ಇನ್ನೊಂದು ಮೂಲೆಗೆ. ನೆಲ ಒರೆಸೋಕೆ ಫಿನಾಯಿಲ್ ಮುಟ್ಟಲಿಲ್ಲ. ಅಂಥ ದ್ರಾವಣಗಳಲ್ಲಿ ಇರಬಹುದಾದ ಫೀನಾಲ್ ಜಾತಿಯ ವಿಷವನ್ನು ನಮ್ಮ ಲಿವರ್ ಕರಗಿಸಿದ ಹಾಗೆ ಬೆಕ್ಕಿನ ಲಿವರ್ ಕರಗಿಸಲಾರದು, ಪಾದಕ್ಕೆ ಅಂಟಿದ್ದನ್ನು ನೆಕ್ಕಿದರೂ ಸಾಕು ಕಾಯಿಲೆ ಬೀಳುತ್ತೆ. ಸುಣ್ಣ ಕಲಸಿದ ಡ್ರಮ್ಮಿಗೆ ಮುಚ್ಚಳ ಹಾಕಿದೆವು. ಗೆದ್ದಲಿನ ಔಷಧಿ ಮತ್ತು ಪೇಂಟು ಹೊಡೆಯುವ ದಿನಗಳಲ್ಲಿ ಹುಳದ ಮನೆಯ ಬಾಗಿಲು ಪೂರ್ತಿ ಬಂದ್. ಇನ್ನೊಂದು ಕಾನೂನು ಮೇಸ್ತ್ರಿಯೇ ಮಾಡಿದ: ಯಾವ ತೂತು, ಯಾವ ಸಂದಿ, ಯಾವ ಪೈಪು ಮುಚ್ಚುವ ಮುಂಚೆಯೂ ಒಬ್ಬ ಹುಡುಗ ಹೋಗಿ ಮೂರೂ ತಲೆ ಎಣಿಸಿ ಬರಬೇಕು. "ಮೂರವೆ ಅಣ್ಣೋ" ಅಂತ ಕೂಗಿದ ಮೇಲೇ ಸಿಮೆಂಟ್ ಕಲಸೋದು. ಹೊಳೆ ದಾಟಿಸಿಬಿಡಿ ಅಂದಿದ್ದ ಅದೇ ಮನುಷ್ಯ!

ಆಷಾಢಕ್ಕೆ ಮುಂಚೆ ಕೆಲಸ ಮುಗಿಯಿತು. ಅಟ್ಟದ ಆ ಸಂದಿಯನ್ನು ಮತ್ತೆ ಮುಚ್ಚಲಿಲ್ಲ. ಇಲಿ ಬರೋದಾದ್ರೆ ಬರಲಿ, ಅದನ್ನು ನೋಡಿಕೊಳ್ಳೋರು ಇದ್ದಾರೆ.

ಕತ್ತಲೆ ಕೋಣೆಗೆ ಅಂಗಡಿಯಿಂದ ಹೊಸ ಫ್ಲಷ್ ಡೋರ್ ತಂದಿದ್ದೆವು. ಕೂರಿಸೋಕೆ ಬಂದ ಬಡಗಿ ಯಳಂದೂರಿನವನು, ವಯಸ್ಸಾದವನು. ಹಿತ್ತಿಲಲ್ಲಿ ಗೋಡೆಗೆ ಒರಗಿಸಿದ್ದ ಹಳೇ ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತು ಅರ್ಧಚಂದ್ರದ ಅಂಚಿನ ಮೇಲೆ ಬೆರಳಾಡಿಸಿದ. "ಇದ್ಕೂ ಕೊಯ್ಯದಾ?" ಅಂದ. ಕೊಯ್ದರೆ ಕಂಪನಿಯವರ ಗ್ಯಾರಂಟಿ ಹೋಗುತ್ತೆ ಅಂತ ಅಪ್ಪ ಅಡ್ಡ ಮಾತಾಡಿದರು. ಅಮ್ಮ ಏನೂ ಹೇಳದೆ ಒಳಗೆ ಹೋಗಿ ಅವನಿಗೆ ಕಾಫಿ ತಂದುಕೊಟ್ಟರು. ಅವನು ಹಳೇ ಬಾಗಿಲ ಮೇಲೆ ಕಾಗದ ಇಟ್ಟು ಪೆನ್ಸಿಲಿನಲ್ಲಿ ಅಳತೆ ಎತ್ತಿಕೊಂಡ.

ಹೊಸ ಕಿಂಡಿಯ ಅಂಚು ಇನ್ನೂ ಒರಟಾಗಿದೆ. ಮರಿಗಳು ಅದರಲ್ಲಿ ದಿನಕ್ಕೆ ಮೂವತ್ತು ಸಲ ಹೋಗಿ ಬರ್ತವೆ. ಕುಳ್ಳಿ ಮಾತ್ರ ಇದುವರೆಗೆ ಒಂದ್ಸಲಾನೂ ಆ ದಾರಿ ಹಿಡಿದಿಲ್ಲ. ಅವಳು ಬರೋದು ಅಟ್ಟದ ಸಂದಿಯಿಂದಲೇ.